ಕುರ್ಚಿಯ ಕಾಲುಚೀಲ

ನಮ್ಮ ಊಟದ ಮೇಜಿನ ಸುತ್ತಲಿನ ಕುರ್ಚಿಗಳಿಗೆಲ್ಲ ಕಾಲುಚೀಲ ಹಾಕಿದ್ದೆವು. ನಮ್ಮವರ ಹಳೆಯ ಉಣ್ಣೆಯ ಕಾಲುಚೀಲಗಳು, ಕಂದು, ಬೂದು, ಒಂದಕ್ಕೊಂದು ಜೋಡಿಯಿಲ್ಲದವು. ಮೊದಲ ಸಲ ಬಂದವರು ಕೆಳಗೆ ನೋಡಿ, "ಕುರ್ಚಿಗೂ ಚಳಿಯಾಗತ್ತೇನಮ್ಮ?" ಎಂದು ನಗುತ್ತಿದ್ದರು. ನಮ್ಮವರು ತುಟಿಯ ಮೇಲೆ ಬೆರಳಿಟ್ಟು ಒಳಕೋಣೆಯ ಕಡೆ ಕಣ್ಣು ತೋರಿಸುತ್ತಿದ್ದರು. ಅಲ್ಲಿ ಕಂಪ್ಯೂಟರಿನ ಮುಂದೆ ನಮ್ಮ ಮೊಮ್ಮಗಳಿಗೆ ಶಾಲೆ ನಡೆಯುತ್ತಿರುತ್ತಿತ್ತು.

ನಮ್ಮವರು ಸೇವೆಯನ್ನೆಲ್ಲ ಕಳೆದದ್ದು ವಾಚನಾಲಯವೊಂದರಲ್ಲಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ಹೆಸರಿಗೆ. ಅವರು ಮನಸ್ಸಿಟ್ಟು ಮಾಡಿದ ಕೆಲಸವೆಂದರೆ ಓದುವ ಕೋಣೆಯ ಸದ್ದಡಗಿಸುವುದು. ಗದರಿದವರಲ್ಲ. ಕೆಮ್ಮುವವರ ಪಕ್ಕ ಒಂದು ಲೋಟ ಬಿಸಿನೀರು ತಂದಿಡುತ್ತಿದ್ದರು. ಪಿಸುಗುಟ್ಟುವ ಹುಡುಗರ ನಡುವೆ ತಾವೇ ಒಂದು ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದರು. ಮಕ್ಕಳು ಅವರಿಗೆ 'ಶ್ಶ್ ತಾತ' ಎಂದು ಹೆಸರಿಟ್ಟರು. ಅವರು ನಿವೃತ್ತರಾದರೂ ಹೆಸರಿಗೆ ನಿವೃತ್ತಿಯಾಗಲಿಲ್ಲ.

ಮಗಳು, ಅಳಿಯ ಇಬ್ಬರಿಗೂ ರಸ್ತೆ ಕಟ್ಟುವ ಕಂಪನಿಯಲ್ಲಿ ಕೆಲಸ. ರಸ್ತೆ ಮುಂದಕ್ಕೆ ಹೋದ ಹಾಗೆ ಅವರ ಬಿಡಾರವೂ ಮುಂದಕ್ಕೆ. ಹುಡುಗಿ ಒಂದು ಶಾಲೆಯ ಮೆಟ್ಟಿಲು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ಶಾಲೆ. ಕೊನೆಗೆ ಆನ್‌ಲೈನ್ ಶಾಲೆಗೆ ಸೇರಿಸಿ, ನಮ್ಮ ಹತ್ತಿರ ಬಿಟ್ಟರು. ಅವಳನ್ನು ನಾವು ಇಣಚಿ ಎಂದು ಕರೆಯುತ್ತೇವೆ. ಚಿಕ್ಕವಳಿದ್ದಾಗ ಪೆನ್ಸಿಲು, ರಬ್ಬರು, ಬಿಸ್ಕತ್ತು ಎಲ್ಲವನ್ನೂ ಅಳಿಲಿನ ಹಾಗೆ ದಿಂಬಿನ ಕೆಳಗೆ ಸಂಗ್ರಹಿಸಿಡುತ್ತಿದ್ದಳು.

ಅವಳು ಬಂದ ದಿನದಿಂದ ನಮ್ಮವರಿಗೆ ವಾಚನಾಲಯ ಮತ್ತೆ ಸಿಕ್ಕಂತಾಯಿತು. ಕಾಲಿಂಗ್ ಬೆಲ್ಲಿನ ಬ್ಯಾಟರಿ ತೆಗೆದರು. ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಕುಕ್ಕರು ತರಗತಿಗೆ ಮುಂಚೆಯೇ ಕೂಗಿ ಮುಗಿಸಬೇಕು. ನಾನು ಸೌಟನ್ನು ಬಟ್ಟೆಯ ಮೇಲೆ ಇಡಬೇಕು, ಸೀನು ಬಂದರೆ ದಿಂಬು ಹುಡುಕಬೇಕು. ಕೆಳಗಿನ ಮಳಿಗೆಯಲ್ಲಿ ವೆಲ್ಡಿಂಗ್ ಅಂಗಡಿ. ಅದರ ಯಜಮಾನ ಬಾಯಿಬಡುಕ, ಆದರೆ ಚಿನ್ನದಂಥ ಮನುಷ್ಯ. ನಮ್ಮವರು ಅವನಿಗೂ ಒಂದು ವೇಳಾಪಟ್ಟಿ ಕೊಟ್ಟು ಬಂದರು. ಅವನು ಅದನ್ನು ಗೋಡೆಗೆ ಅಂಟಿಸಿಕೊಂಡ. ಗಣಿತವಿದ್ದಾಗ ಬಣ್ಣ ಬಳಿಯುವುದು, ಭಾಷೆಯ ತರಗತಿಯಲ್ಲಿ ಅಳತೆ ತೆಗೆಯುವುದು. ಕಬ್ಬಿಣ ಕೊಯ್ಯುವುದೆಲ್ಲ ಶಾಲೆ ಮುಗಿದ ಮೇಲೆ. ಗಿರಾಕಿಗಳು ಅವಸರ ಮಾಡಿದರೆ, "ಮೇಲೆ ವಿಜ್ಞಾನ ನಡೀತಿದೆ ಸ್ವಾಮಿ, ಹೃದಯ ಅರ್ಧ ಬಿಚ್ಚಿಟ್ಟಿದಾರೆ, ತಡೀರಿ" ಎನ್ನುತ್ತಿದ್ದನಂತೆ.

ಆ ಶಾಲೆ ಅವಳಿಗೆ ಬಹಳ ಕಲಿಸಿತು, ಇಲ್ಲವೆನ್ನಲಾರೆ. ಯಾರೂ ಎಬ್ಬಿಸದೆ ಏಳುತ್ತಿದ್ದಳು. ದಿನದ ಓದನ್ನು ತಾನೇ ಪಾಲು ಮಾಡಿಕೊಳ್ಳುತ್ತಿದ್ದಳು. ಗಡುವಿಗೆ ಮುಂಚೆಯೇ ಬರೆದು ಕಳಿಸುತ್ತಿದ್ದಳು. ತಿಳಿಯದ್ದನ್ನು ಟೀಚರಿಗೆ ಅಚ್ಚುಕಟ್ಟಾದ ನಾಲ್ಕು ಸಾಲಿನಲ್ಲಿ ಬರೆದು ಕೇಳುತ್ತಿದ್ದಳು. ನರ್ಸಿಂಗ್ ಕಾಲೇಜಿನವರು ವಿಡಿಯೋದಲ್ಲೇ ಸಂದರ್ಶನ ಮಾಡಿದಾಗ ಅವಳ ಉತ್ತರ ಕೇಳಿ, ಇಷ್ಟು ಸ್ಪಷ್ಟವಾಗಿ ಮಾತಾಡುವ ಹುಡುಗಿ ಅಪರೂಪ ಎಂದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನಮ್ಮವರು ನನ್ನ ಕೈ ಹಿಡಿದು ಅಲುಗಿಸಿದರು. ಸದ್ದಿಲ್ಲದೆ.

ಕಾಲೇಜು ಬೇರೆ ಊರಿನಲ್ಲಿ. ಹಾಸ್ಟೆಲ್ಲಿನಿಂದ ಅವಳು ಫೋನು ಮಾಡಿದರೆ ಒಂದು ವಿಚಿತ್ರ. ಅವಳ ಮಾತು ಮುಗಿದ ಕೂಡಲೇ ಆ ಕಡೆ ಸದ್ದೇ ಸತ್ತುಹೋಗುತ್ತಿತ್ತು.

"ಇದ್ದೀಯೇನೇ?" ಎಂದು ನಾನು ಕೂಗುತ್ತಿದ್ದೆ.

"ಇದ್ದೀನಜ್ಜಿ, ಮ್ಯೂಟಲ್ಲಿದ್ದೆ. ಇಲ್ಲಿ ಗಲಾಟೆ, ನಿಮಗ್ಯಾಕೆ ಅಂತ."

ತನ್ನ ಮಾತಾದ ಮೇಲೆ ಮೈಕು ಮುಚ್ಚುವುದು ತರಗತಿಯ ಅಭ್ಯಾಸ. "ಎಷ್ಟು ಮರ್ಯಾದೆ ನೋಡು" ಎಂದು ನಮ್ಮವರು ಹಿಗ್ಗುತ್ತಿದ್ದರು.

ವಾರ್ಡಿನ ತರಬೇತಿ ಶುರುವಾದ ಕೆಲವೇ ವಾರಗಳಲ್ಲಿ, ಹೇಳದೆ ಕೇಳದೆ, ಒಂದು ಮಧ್ಯಾಹ್ನ ಇಣಚಿ ಪೆಟ್ಟಿಗೆ ಸಮೇತ ಬಂದು ನಿಂತಳು. ಬಾಗಿಲನ್ನು ಉಗುರಿನಿಂದ ತಟ್ಟಿದಳು, ಹಿಂದಿನ ಹಾಗೆಯೇ.

"ಕಾಲೇಜು ಬಿಡ್ತೀನಜ್ಜಿ. ಆಸ್ಪತ್ರೆಯ ಕಡತ ನೋಡ್ಕೊಳ್ಳೋ ಕೋರ್ಸಿದೆ. ಪೂರ್ತಿ ಆನ್‌ಲೈನು. ಆಮೇಲೆ ಕೆಲಸಾನೂ ಮನೆಯಿಂದಲೇ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ಅದೇ ಕಷ್ಟ" ಎಂದು ಒಳಕೋಣೆಗೆ ಹೋದಳು.

ನಮ್ಮವರು ನನ್ನ ಮುಖ ನೋಡಲಿಲ್ಲ. ಸಂತೋಷವಾದಾಗ ಅವರು ಹಾಗೆಯೇ, ಕಣ್ಣು ತಪ್ಪಿಸುತ್ತಾರೆ. ಅವಳು ಕಾಲೇಜಿಗೆ ಹೋದ ಮೇಲೆ ನಾನು ಕುರ್ಚಿಯ ಕಾಲುಚೀಲಗಳನ್ನು ಬಿಚ್ಚಿ ಒಗೆದಿಟ್ಟಿದ್ದೆ. ಸಂಜೆಯೊಳಗೆ ಅವು ಮತ್ತೆ ಕುರ್ಚಿಯ ಕಾಲಿಗೆ ಬಂದವು. ನಮ್ಮವರು ಕೆಳಗಿಳಿದು ಹೋಗಿ, "ವೇಳಾಪಟ್ಟಿ ಮತ್ತೆ ಬರತ್ತಪ್ಪಾ" ಎಂದು ವೆಲ್ಡರಿಗೂ ಹೇಳಿ ಬಂದರು.

ಹೊಸ ಕೋರ್ಸಿಗೆ ಹೆಸರು ಕೊಡುವುದಕ್ಕೆ ಮುಂಚೆ ಒಂದು ದಿನ ನಮ್ಮವರು ಅವಳ ಪೆಟ್ಟಿಗೆಯಿಂದ ರಕ್ತದೊತ್ತಡ ನೋಡುವ ಸಾಮಾನು ಹೊರತೆಗೆಸಿದರು. ತೋಳಿಗೆ ಸುತ್ತುವ ಪಟ್ಟಿ, ಗಾಳಿ ಹೊಡೆಯುವ ಬುಡ್ಡೆ, ಒತ್ತಡ ತೋರಿಸುವ ಗಡಿಯಾರದಂಥ ಮುಳ್ಳು, ಸ್ಟೆತಸ್ಕೋಪು. "ನನ್ನದು ನೋಡು. ನಾಲ್ಕು ಜನಕ್ಕೆ ಹೇಳ್ಕೊಳ್ಳೋಣ, ಮೊಮ್ಮಗಳು ನೋಡಿದಳು ಅಂತ."

ಅವಳು ಪಟ್ಟಿ ಸುತ್ತಿ ಗಾಳಿ ತುಂಬಿ, ಮೆಲ್ಲಗೆ ಬಿಟ್ಟಳು. ಮೊದಲ ಬಡಿತ ಕೇಳಿದಾಗ ಮುಳ್ಳು ಎಲ್ಲಿದೆಯೋ ಅದು ಮೇಲಿನ ಅಂಕಿ, ಬಡಿತ ಅಡಗಿದಾಗಿನದು ಕೆಳಗಿನದು ಎಂದು ನನಗೆ ಹೇಳಿದಳು. ನಮ್ಮವರ ಹತ್ತಿರ ಗುಂಡಿ ಒತ್ತಿದರೆ ತಾನೇ ಅಂಕಿ ತೋರಿಸುವ ಯಂತ್ರವೊಂದಿದೆ. ಅದರಲ್ಲಿ ನೋಡಿದರೆ ಹೆಚ್ಚುಕಮ್ಮಿ ಅದೇ.

"ನೋಡಿದ್ಯಾ! ಇಷ್ಟು ಚೆನ್ನಾಗಿ ಬರತ್ತೆ, ಬಿಟ್ಟು ಬಂದಿದಾಳೆ" ಎಂದು ನಮ್ಮವರು ಮುದ್ದಿನಿಂದಲೇ ಛೇಡಿಸಿದರು.

ಅವಳು ಕಿವಿಯಿಂದ ಕೊಳವೆ ತೆಗೆಯಲಿಲ್ಲ. "ಇಲ್ಲಿ ಯಾರಿಗೆ ಬರಲ್ಲ ತಾತ? ಈ ಮನೇಲಿ ನೊಣ ಕೂಡ ಅಪ್ಪಣೆ ತಗೊಂಡು ಹಾರತ್ತೆ."

ಆಮೇಲೆ ಎಲ್ಲ ಹೇಳಿದಳು. ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು. ಶಾಲೆಯಲ್ಲೂ ಕಾಲೇಜಿನ ಮೊದಲ ಪಾಠಗಳಲ್ಲೂ ಆ ಬಡಿತವನ್ನು ಅವಳು ಹೆಡ್‌ಫೋನಿನಲ್ಲಿ ಕೇಳಿದ್ದಳು. ತೊಳೆದಿಟ್ಟಂತೆ ಶುದ್ಧ ಸದ್ದು. ವಾರ್ಡಿನಲ್ಲಿ ತಳ್ಳುಗಾಡಿಗಳು, ನೆಂಟರು, ಅಳುವವರು, ಮೊಬೈಲುಗಳು. ಕೊಳವೆಯಲ್ಲಿ ಅವಳಿಗೆ ಜಾತ್ರೆಯೆಲ್ಲ ಕೇಳುತ್ತಿತ್ತು, ಬಡಿತ ಒಂದು ಬಿಟ್ಟು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಮುದುಕಿ. ತೋಳು ಚಾಚಿ, "ನಿಧಾನಕ್ಕೆ ನೋಡಮ್ಮ, ನನಗೇನು ಬಸ್ಸು ತಪ್ಪಲ್ಲ" ಎಂದರಂತೆ. ಇವಳು ಎರಡು ಸಲ ನೋಡಿದಳು. ಏನೂ ಕೇಳಲಿಲ್ಲ. ಸಿಸ್ಟರ್ ಆ ತುದಿಯಿಂದ "ಎಷ್ಟು?" ಎಂದು ಕೂಗಿದರು. ಇವಳು ಒಂದು ಅಂಕಿ ಹೇಳಿಬಿಟ್ಟಳು. ಪುಸ್ತಕದಲ್ಲಿ ಆರೋಗ್ಯವಂತರಿಗೆ ಇರಬೇಕು ಎಂದು ಬರೆದಿರುವ ಅಂಕಿ.

ಮುಂದಿನ ಪಾಳಿಯವರು ನೋಡಿದಾಗ ಒತ್ತಡ ಎಲ್ಲೋ ಮೇಲೇರಿತ್ತು. ಡಾಕ್ಟರು ಓಡಿ ಬಂದರು. ಮುದುಕಿ ಹುಷಾರಾದರು, ದೇವರು ದೊಡ್ಡವನು. ಆದರೆ ಒಮ್ಮೆಲೇ ಹೀಗೆ ಯಾಕೇರಿತು ಎಂದು ಎಲ್ಲರೂ ತಲೆ ಕೆಡಿಸಿಕೊಂಡರು, ಮುದುಕಿಯನ್ನು ಮನೆಗೆ ಕಳಿಸದೆ ಇರಿಸಿಕೊಂಡರು.

"ಒಮ್ಮೆಲೇ ಏರಿದ್ದಲ್ಲ ಅಂತ ನನಗೆ ಮಾತ್ರ ಗೊತ್ತು" ಎಂದಳು ಇಣಚಿ. "ಮಾರನೇ ದಿನ ಅವರು ನನಗೆ ಒಂದು ಸೇಬು ಎತ್ತಿಟ್ಟಿದ್ರಜ್ಜಿ. ನನ್ನ ಕೈ ತಣ್ಣಗಿರತ್ತಂತೆ, ಹಿತವಾಗತ್ತಂತೆ."

ನಾನು ಅವಳ ತಲೆ ಸವರಿದೆ. ನಮ್ಮವರು ಪಟ್ಟಿ ಸುತ್ತಿದ ತೋಳನ್ನು ಹಾಗೆಯೇ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಕೊನೆಗೆ ಅದನ್ನು ನಾನೇ ಬಿಚ್ಚಿದೆ.

ಅವತ್ತಿನಿಂದ ಅವರು ಸರಿಯಾಗಿ ಉಣ್ಣಲಿಲ್ಲ. ತಟ್ಟೆಯಲ್ಲಿ ಅನ್ನ ಅತ್ತಿತ್ತ ಸರಿಸುತ್ತ, "ಅವಳ ಕಿವಿಯನ್ನ ನಾನೇ ಕೆಡಿಸಿದೆ ಕಣೆ" ಎಂದರು. "ಶಾಲೆಯವರದ್ದೇನು ತಪ್ಪು? ಅವರು ಅವಳ ತಲೆಗೆ ಬೇಕಾದ್ದು ಕೊಟ್ಟರು. ಸುತ್ತಲಿನ ಲೋಕಾನ ನಾನು ತೆಗೆದಿಟ್ಟೆ, ಬೆಲ್ಲಿನ ಬ್ಯಾಟರಿ ತೆಗೆದಂಗೆ."

"ಪ್ರೀತಿಗೆ ಮಾಡಿದಿರಿ. ಬಿಡಿ."

"ಆ ಮುದುಕಮ್ಮನಿಗೆ ಅದನ್ನ ಹೇಳಕ್ಕಾಗತ್ತಾ? ಪ್ರೀತಿಗೆ ಮಾಡಿದ್ದು, ಅದಕ್ಕೆ ನಿಮ್ಮ ಪ್ರಾಣಕ್ಕೆ ಬಂತು ಅಂತ?"

ನಾನೂ ಸೌಟನ್ನು ಬಟ್ಟೆಯ ಮೇಲೆ ಇಟ್ಟವಳೇ.

ಒಂದು ಬೆಳಿಗ್ಗೆ ದಡಾರ್ ಎಂದು ಸದ್ದಾಗಿ ನಾನು ಎದ್ದು ಬಂದರೆ ಇವರು ಪಾತ್ರೆಯ ಗೂಡಿನ ಮುಂದೆ ನಿಂತಿದ್ದರು. ನೆಲದ ತುಂಬ ಸ್ಟೀಲು ತಟ್ಟೆಗಳು. ಕುರ್ಚಿಗಳು ಬರಿಗಾಲಲ್ಲಿದ್ದವು. ಬೆಲ್ಲಿಗೆ ಬ್ಯಾಟರಿ ಬಂದಿತ್ತು. ತಾವೇ ಹೊರಗೆ ಹೋಗಿ ಅದನ್ನು ಒತ್ತಿ ಒಳಗೆ ಬಂದರು. ಆಮೇಲೆ ರೇಡಿಯೊ ಹಚ್ಚಿದರು, ಅದರ ಮೇಲೆ ಟಿ.ವಿ. ಹಚ್ಚಿದರು, ಅದರ ಪಕ್ಕ ನಿಂತು ಕೆಮ್ಮಿದರು. ಜನ್ಮದಲ್ಲೇ ಗದ್ದಲ ಮಾಡಿ ಗೊತ್ತಿಲ್ಲದವರು. ಪ್ರತಿ ಸದ್ದಿಗೂ ತಾವೇ ಬೆಚ್ಚುತ್ತಿದ್ದರು.

ಇಣಚಿ ಬಾಗಿಲಲ್ಲಿ ನಿಂತಳು. ಕಣ್ಣು ತುಂಬಿತ್ತು. "ನಾನು ಬಂದಿದ್ದು ಇಷ್ಟ ಇಲ್ಲದಿದ್ರೆ ಹೇಳಿ ತಾತ. ತಟ್ಟೆ ಯಾಕೆ ಎಸೀತೀರಿ?"

"ಅಯ್ಯೋ, ಇಲ್ಲ ಕಂದ. ನಿನಗೆ ಅಭ್ಯಾಸ ಆಗಲಿ ಅಂತ..."

"ತಟ್ಟೆ ಬೀಳೋದು ನನಗೆ ಅಭ್ಯಾಸ ಆಗಿ ಏನಾಗಬೇಕು? ನೀವು ಎಸೆಯೋ ಮುಂಚೆ ನನ್ನ ಮುಖ ನೋಡ್ತೀರಿ. ವಾರ್ಡಲ್ಲಿ ಯಾರೂ ನೋಡಲ್ಲ."

ಇವರು ಬಗ್ಗಿ ತಟ್ಟೆ ಆರಿಸತೊಡಗಿದರು. ಅವಳೂ ಬಗ್ಗಿದಳು. ಕೊನೆಯ ತಟ್ಟೆ ಇಡುವಾಗ ಅವರು ಎಂದರು, "ಹೊರಡು. ಆ ಪಟ್ಟಿ, ಕೊಳವೆ ತಗೋ. ಕೆಳಗೆ ಹೋಗೋಣ."

ನಾನೂ ಅವರ ಹಿಂದೆಯೇ ಇಳಿದೆ. ವೆಲ್ಡರ್ ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತ. ನಮ್ಮವರು ಮುದುಕಿಯ ಸಂಗತಿ ಅವನಿಗೆ ಹೇಳಲಿಲ್ಲ. ಗದ್ದಲದಲ್ಲಿ ಬಡಿತ ಕೇಳಿಸಿಕೊಳ್ಳುವುದು ಕಲಿಯಬೇಕು ಎಂದಷ್ಟೇ ಹೇಳಿದರು.

"ಏನ್ ತಾತ, ಇಷ್ಟು ವರ್ಷ ನನ್ನ ಬಾಯಿ ಹೊಲಿದಿದ್ರಿ. ಈಗ ಹೊಲಿಗೆ ಬಿಚ್ಚೋಕೆ ಬಂದ್ರಾ?"

"ತಪ್ಪಾಯ್ತಪ್ಪ."

"ಅಯ್ಯಯ್ಯೋ, ತಪ್ಪು ಯಾಕೆ? ನಮ್ಮ ಇಣಚಮ್ಮ ಓದಿದ್ದು ನನ್ನ ಮೌನದಲ್ಲಿ ಅಂತ ಊರೆಲ್ಲ ಹೇಳ್ಕೊಂಡಿದೀನಿ. ಇನ್ಮೇಲೆ ಡಾಕ್ಟ್ರಮ್ಮ ಆಗಿದ್ದು ನನ್ನ ಗದ್ದಲದಲ್ಲಿ ಅಂತೀನಿ."

"ನರ್ಸು" ಎಂದಳು ಇಣಚಿ.

"ನನಗೆ ಇಂಜೆಕ್ಷನ್ ಕೊಡೋರೆಲ್ಲ ಡಾಕ್ಟ್ರೇ" ಎಂದು ಅವನು ಒಂದು ಕಬ್ಬಿಣದ ಸ್ಟೂಲು ಒರೆಸಿ, ಅದರ ಮೇಲೆ ತನ್ನ ಟವೆಲು ಮಡಚಿ ಹಾಕಿ, ನಮ್ಮವರನ್ನು ಕೂರಿಸಿದ.

ಕೊಯ್ಯುವ ಯಂತ್ರ ಕಿರುಚಿದ ಕೂಡಲೇ ಅವಳ ಮುಖ ಬಿಳಿಚಿತು. ಕೊಳವೆ ಕಿತ್ತು ತೆಗೆದಳು. ಇನ್ನೊಮ್ಮೆ ಹಾಕಿಕೊಂಡಳು. ಏನೂ ಕೇಳಲಿಲ್ಲ. ಅಂಕಿ ಕೇಳಿದರೆ ತಲೆ ಅಲ್ಲಾಡಿಸಿದಳು. "ಗೊತ್ತಾಗ್ಲಿಲ್ಲ" ಎಂದು ಅವಳು ಗಟ್ಟಿಯಾಗಿ ಕೂಗಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದನ್ನು ವಾರ್ಡಿನಲ್ಲಿ ಹೇಳಿದ್ದರೆ ಸಾಕಿತ್ತು ಎಂಬುದು ಅವಳಿಗೂ ಹೊಳೆದಿರಬೇಕು. ಅಲ್ಲೇ ತಲೆ ತಗ್ಗಿಸಿ ನಿಂತುಬಿಟ್ಟಳು.

ಮರುದಿನ ಅವಳ ಶಾಲೆ ಅವಳಿಗೆ ಕಲಿಸಿದ ಗುಣ ಹೊರಬಂತು. ಯಾರೂ ಹೇಳದೆ ತಾನೇ ಒಂದು ಪಾಠಕ್ರಮ ಮಾಡಿಕೊಂಡಳು. ಮೊದಲು ಸುತ್ತಿಗೆಯ ಸದ್ದು, ಆಮೇಲೆ ತೆಳ್ಳನೆಯ ತಗಡು ಕೊಯ್ಯುವುದು, ಕೊನೆಗೆ ದಪ್ಪ ಸರಳು. ಕೈಯಲ್ಲಿ ನೋಡಿದ್ದನ್ನು ಪ್ರತಿ ಸಲ ತಾತನ ಯಂತ್ರದ ಜೊತೆ ಹೋಲಿಸಿ, ಎಲ್ಲಿ ತಪ್ಪಿತು ಎಂದು ತಾನೇ ಹುಡುಕುವುದು. ವೆಲ್ಡರ್ ಬೆಳಿಗ್ಗೆ ಮೆಟ್ಟಿಲ ಬುಡದಿಂದಲೇ ಕೂಗುತ್ತಿದ್ದ, "ಇವತ್ತು ತಗಡು! ಸುಲಭದ ಪಾಠ, ಬಾರಮ್ಮ!" ನಮ್ಮವರ ತೋಳು ಕೆಂಪಾದಾಗ ಅವನೇ ತೋಳು ಒಡ್ಡಿದ. ಗೇಟು ಮಾಡಿಸಲು ಬಂದ ಗಿರಾಕಿಯೊಬ್ಬರು, "ಗೇಟು ತಡವಾದ್ರೂ ಪರವಾಗಿಲ್ಲ, ನನ್ನದೂ ನೋಡಮ್ಮ" ಎಂದು ಕೂತರು.

ಅವಳಿಗೆ ಬಡಿತ ಸಿಕ್ಕಿದ್ದು ಒಂದು ಮಧ್ಯಾಹ್ನ. ಕಿಡಿ ಹಾರುತ್ತಿತ್ತು, ಯಂತ್ರ ಅರಚುತ್ತಿತ್ತು. ಅವಳು ಮುಳ್ಳನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಅಂಕಿ ಹೇಳಿದಳು. ನಮ್ಮವರ ಗುಂಡಿಯ ಯಂತ್ರವೂ ಅದನ್ನೇ ಹೇಳಿತು. ವೆಲ್ಡರ್ ಮುಖಕ್ಕೆ ಹಿಡಿದಿದ್ದ ಗಾಜು ಮೇಲೆತ್ತಿ ಸಿಳ್ಳೆ ಹಾಕಿದ. ನಮ್ಮವರು ಅಭ್ಯಾಸಬಲದಿಂದ "ಶ್ಶ್" ಎಂದರು. ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ.

ಇಣಚಿಯೂ ಹೆಚ್ಚು ಹೊತ್ತು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು, "ಕೇಳಿಸಿದ್ರೆ ಮುಗೀತಾ ತಾತ? ಸುಳ್ಳು ಹೇಳಿದ್ದು ಹಾಗೇ ಇದೆಯಲ್ಲ" ಎಂದಳು. ಕೈಯಲ್ಲಿ ಫೋನಿತ್ತು. "ಸಿಸ್ಟರಿಗೆ ಮೆಸೇಜು ಬರೆದಿಟ್ಟಿದೀನಿ. ಎಲ್ಲ ಬರೆದಿದೀನಿ. ಕಳಿಸಿಬಿಡ್ಲಾ?"

ನಾನು ನಮ್ಮವರ ಮುಖ ನೋಡಿದೆ. ಹೂಂ ಎನ್ನುವುದು ಅವರಿಗೆ ಎಷ್ಟು ಸುಲಭವಾಗಿತ್ತು! ಹುಡುಗಿಯ ಮೇಲೆ ಒಂದು ಗಡಸು ಮಾತು ಬೀಳದ ಹಾಗೆ ಎಲ್ಲ ಮುಗಿದುಹೋಗುತ್ತಿತ್ತು. ಅವರು ಹೂಂ ಎನ್ನಲಿಲ್ಲ. ಮೊಣಕಾಲು ಹಿಡಿದುಕೊಂಡು ಅವಳ ಪಕ್ಕ ಕೂತರು.

"ಹೋಗಿ ಎದುರಿಗೆ ನಿಂತು ಹೇಳು" ಎಂದರು. "ಅವರು ಕೂಗಾಡಬಹುದು. ಕೂಗಾಡಲಿ. ಬೇಕಾದ್ರೆ ವಾರ್ಡಿನ ಬಾಗಿಲ ತನಕ ನಾನೂ ಬರ್ತೀನಿ. ತಪ್ಪಲ್ಲಿ ನನ್ನದೂ ಪಾಲಿದೆ."

"ನೀವು ಬರಬೇಡಿ. ನೀವು ಬಂದ್ರೆ ರೋಗಿಗಳಿಗೆಲ್ಲ ಶ್ಶ್ ಅಂತೀರಿ." ಅವಳು ಮೆಸೇಜು ಅಳಿಸಿ ಮೂಗೊರೆಸಿಕೊಂಡಳು. "ಪಾಲು ಕೇಳಬೇಡಿ ತಾತ. ಅಂಕಿ ಹೇಳಿದ್ದು ನಾನು."

ಮರುದಿನ ಬೆಳಗಿನ ಬಸ್ಸಿಗೆ ಹೋದಳು. ವೆಲ್ಡರ್ ಪೆಟ್ಟಿಗೆ ಹೊತ್ತು ಬಸ್ಸಿನ ತನಕ ಬಂದ. ಮನೆಗೆ ಮರಳಿದ ಮೇಲೆ ನಮ್ಮವರು ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಊಟಕ್ಕೆ ಕರೆದರೆ ಬೇಡವೆಂದರು. ಅವಳನ್ನು ತೆಗೆದುಹಾಕಿದರೆ ಏನು ಗತಿ ಎಂದು ಒಂದು ಸಲ, ಇಷ್ಟರೊಳಗೆ ಆ ಮುದುಕಮ್ಮನಿಗೆ ಏನಾದರೂ ಆಗಿದ್ದರೆ ಏನು ಗತಿ ಎಂದು ಇನ್ನೊಂದು ಸಲ. ಕೆಳಗೆ ಅಂಗಡಿಯಲ್ಲಿ ಸದ್ದೇ ಇರಲಿಲ್ಲ. ಬಗ್ಗಿ ನೋಡಿದರೆ ವೆಲ್ಡರ್ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ. "ಫೋನು ಬರೋದಿದೆಯಲ್ಲಮ್ಮ, ತಾತನಿಗೆ ಕೇಳಬೇಕು" ಎಂದ. ಕಾಯುವ ಮನೆಗೆ ಯಾರೂ ಹೇಳದೆ ಅವನು ತಂದುಕೊಟ್ಟ ಆ ಮೌನವನ್ನು ನಾನು ಮರೆಯಲಾರೆ.

ಸಂಜೆಗೆ ಮುಂಚೆ ಫೋನು ಬಂತು. ಎತ್ತಿದರೆ ಸಂತೆಯೇ ಮನೆಯೊಳಗೆ ನುಗ್ಗಿದಂತಾಯಿತು. ಚಕ್ರಗಳ ಕಿರ್‌ಕಿರ್, ಯಾರೋ ಯಾರನ್ನೋ ಕರೆಯುವುದು, ಒಂದು ಮಗುವಿನ ರಾಗ, ಪಾತ್ರೆ ಬಿದ್ದದ್ದು. ಅದರ ನಡುವೆ ಇಣಚಿಯ ದನಿ.

"ಹೇಳಿದೆ ಅಜ್ಜಿ. ಸಿಸ್ಟರ್ ತುಂಬಾ ಬೈದ್ರು, ಎಲ್ಲರ ಮುಂದೆ. ಸೆಮಿಸ್ಟರ್ ಮುಗಿಯೋ ತನಕ ಒಬ್ಬಳೇ ಯಾವ ರೋಗೀನೂ ನೋಡೋ ಹಾಗಿಲ್ಲ. ಈ ಸಲ ಪಾಸಾಗೋ ಅಂಕಾನೂ ಕೊಡಲ್ಲ, ವಾರ್ಡಿನ ತರಬೇತಿ ಮತ್ತೆ ಮೊದಲಿಂದ ಮಾಡಬೇಕು. ಆದ್ರೆ ಇರಬಹುದು ಅಂದ್ರು."

"ಆ ಮುದುಕಮ್ಮ?"

"ನಾಳೆ ಮನೆಗೆ ಹೋಗ್ತಾರೆ. ಅವರಿಗೂ ಹೇಳಿದೆ. ಸುಮಾರು ಹೊತ್ತು ಕಿಟಕಿ ಕಡೆ ನೋಡ್ತಾ ಇದ್ರು. ಈಗ ಸಿಸ್ಟರ್ ಪಕ್ಕದಲ್ಲಿ ನಿಂತಿದ್ದಾಗ, ನೋಡು ಅಂತ ನನಗೆ ತೋಳು ಕೊಟ್ರು."

ಆಮೇಲೆ ಅವಳು ಸುಮ್ಮನಾದಳು. ಮಾತು ಮುಗಿದಿತ್ತು. ಆದರೆ ಸದ್ದು ನಿಲ್ಲಲಿಲ್ಲ. ಚಕ್ರಗಳು ಉರುಳುತ್ತಲೇ ಇದ್ದವು, ಮಗು ಅಳುತ್ತಲೇ ಇತ್ತು, ಅವುಗಳ ನಡುವೆ ಅವಳ ಉಸಿರೂ ಕೇಳುತ್ತಿತ್ತು.

ನಾನು ಫೋನನ್ನು ನಮ್ಮವರ ಕಿವಿಗೆ ಹಿಡಿದೆ.

"ಏನಂತಿದಾಳೆ? ನನಗೇನೂ ಕೇಳಿಸ್ತಿಲ್ಲ, ಬರೀ ಗಲಾಟೆ" ಎಂದರು.

"ಏನೂ ಅಂತಿಲ್ಲ. ಮ್ಯೂಟ್ ಮಾಡಿಲ್ಲ, ಅಷ್ಟೆ."

ಅವರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡರು. ನಾನು ಎದ್ದು ಊಟಕ್ಕಿಡಲು ಹೋದೆ. ಕುರ್ಚಿ ಎಳೆದಾಗ ಅದು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಇಬ್ಬರೂ ಬೆಚ್ಚಿ ಒಳಕೋಣೆಯ ಕಡೆ ನೋಡಿದೆವು.